ಮಂಡಕ್ಕಿಯ ಬಾಯಾರಿಕೆ

ಮಂಡಕ್ಕಿ ನೀರಿನ ಬೋಗುಣಿ ಖಾಲಿ ಮಾಡಿ ನನ್ನ ಮುಖ ನೋಡಿತು. ತುಂಬಿಸಿದೆ. ಅದೂ ಖಾಲಿ. ಆಮೇಲೆ ಬಚ್ಚಲಿಗೆ ಹೋಗಿ ಬಕೆಟ್ಟಿಗೇ ಬಾಯಿ ಹಾಕಿತು.

ಮಂಡಕ್ಕಿ ನನ್ನ ತಮ್ಮ ಬಸುವಿನ ನಾಯಿ. ಬಿಳಿ ಬಣ್ಣದ ಹೆಣ್ಣು ನಾಯಿ, ವಯಸ್ಸಾಗಿದೆ. ಮೂಡಲಪಾಳ್ಯದ ಬಾಡಿಗೆ ಮನೆಯಲ್ಲಿ ಇರುವುದು ನಾನು, ಬಸು, ಅದು. ಬಸು ವರ್ಕ್‌ಶಾಪಿಗೆ ಹೋದ ಮೇಲೆ ನಾನು ಸೀರೆಗಳಿಗೆ ಫಾಲ್ಸ್ ಹೊಲಿಯುತ್ತೇನೆ, ಅದು ಕಾಲ ಬಳಿ ಮಲಗಿರುತ್ತದೆ. ಎಂದೂ ಮನೆಯೊಳಗೆ ಗಲೀಜು ಮಾಡಿದ್ದಲ್ಲ. ಈಗ ಮಷಿನಿನ ಕೆಳಗೇ ಉಚ್ಚೆ ಹೊಯ್ದು ಕಿವಿ ಮಡಚಿ ನಿಂತಿತು. ಮರುದಿನ ಮೆಟ್ಟಿಲ ಮೇಲೆ.

"ಏನ್ರೀ ಶಾರದಮ್ಮ, ನಾಯಿಗೆ ಬೇರೆ ಕಾವೇರಿ ಕನೆಕ್ಷನ್ ಕೊಡ್ಸಿದೀರಾ?" ಎಂದರು ಮಹಡಿ ಮನೆಯ ವಿಮಲಮ್ಮ.

ನನಗೆ ನಗು ಬರಲಿಲ್ಲ. ಇವರೇ ಏನೋ ಹಾಕಿರಬೇಕು ಅನ್ನಿಸಿತು. ಅವರು ಮಂಡಕ್ಕಿಗೆಂದು ಇಡುತ್ತಿದ್ದ ಅನ್ನವನ್ನು ಮೂಸಿ ನೋಡಿ ಚರಂಡಿಗೆ ಚೆಲ್ಲಿದೆ. ಬಾಗಿಲ ಸಂದಿಯಿಂದ ಅವರ ಕೈಯನ್ನೇ ಕಾಯುತ್ತಾ ಕೂತೆ. ಬಸುವಿಗೂ ಹೇಳಿದೆ.

"ವಿಷ ಹಾಕಿದ್ರೆ ಹಿಂಗೆ ತಿಂತಿತ್ತೇನಕ್ಕ? ನನ್ನ ತಟ್ಟೆಗೂ ಬಾಯಿ ಹಾಕ್ತಿದೆ. ನಡಿ, ಡಾಕ್ಟ್ರಿಗೆ ತೋರ್ಸೋಣ."

ಬರುವಾಗ ನಾಯಿಯ ಉಚ್ಚೆ ತರಬೇಕು ಎಂದು ಕ್ಲಿನಿಕ್ಕಿನವರು ಹೇಳಿದ್ದರು. ಬೆಳಿಗ್ಗೆ ಹಳೇ ಸೌಟು ಹಿಡಿದು ಅದರ ಹಿಂದೆ ಓಡಾಡಿ ಹೇಗೋ ಹಿಡಿದೆ. ವಿಜಯನಗರದ ಕ್ಲಿನಿಕ್ಕಿನಲ್ಲಿ ರಕ್ತವನ್ನೂ ತೆಗೆದರು. ರಿಪೋರ್ಟ್ ಬಂದ ಮೇಲೆ ಡಾಕ್ಟರಮ್ಮ ಹೇಳಿದರು: "ಶುಗರ್ ಇಲ್ಲ. ಕಿಡ್ನಿ ಪರವಾಗಿಲ್ಲ. ಯೂರಿನ್ ಮಾತ್ರ ಬರೀ ನೀರಿನ ಥರ ಇದೆ, ಲಿವರ್ ಸ್ವಲ್ಪ ಜಾಸ್ತಿ ತೋರಿಸ್ತಿದೆ. ಸ್ಟೀರಾಯ್ಡ್ ಏನಾದ್ರೂ ಕೊಟ್ಟಿದೀರಾ? ಕೆರೆತಕ್ಕೆ, ಅಲರ್ಜಿಗೆ?"

"ಇಲ್ಲ ಮೇಡಂ. ಕೆರೆತ ಇತ್ತು, ನಮ್ಮಕ್ಕ ಬರೀ ಬೇವಿನೆಣ್ಣೆ ಹಚ್ಚಿ ವಾಸಿ ಮಾಡಿದ್ಲು," ಎಂದ ಬಸು, ಹೆಮ್ಮೆಯಿಂದ.

ಬೇವಿನೆಣ್ಣೆಯಿಂದ ವಾಸಿಯಾಗಿರಲಿಲ್ಲ.

ನನ್ನ ಕೈ ಕೆರೆತಕ್ಕೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಸಣ್ಣ ಮಾತ್ರೆಯನ್ನು ತಿಂಗಳುಗಟ್ಟಲೆ ಮೊಸರನ್ನದಲ್ಲಿ ಕಲಸಿ ಮಂಡಕ್ಕಿಗೂ ಕೊಡುತ್ತಾ ಬಂದಿದ್ದೆ. ಕೆರೆತ ನಿಂತಾಗ ಬಸು ಎಣ್ಣೆಯಿಂದಲೇ ಎಂದುಕೊಂಡ, ವರ್ಕ್‌ಶಾಪಿನವರಿಗೆಲ್ಲ ಅಕ್ಕನ ಎಣ್ಣೆಯ ಸುದ್ದಿ ಹೇಳಿದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಅದಕ್ಕೆ ಮುಂಚೆ ಯಾರೂ ಹಾಗೆ ಹೊಗಳಿರಲಿಲ್ಲ. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಸ್ಟೀರಾಯ್ಡ್ ಅಂದರೇನು ಎಂದು ನನಗೆ ಗೊತ್ತಿರಲಿಲ್ಲ, ನಿಜ. ಆದರೆ ಡಾಕ್ಟರಮ್ಮ ಕೆರೆತ ಎಂದ ಕೂಡಲೇ ಎಲ್ಲ ಗೊತ್ತಾಯಿತು.

ಬಸು ಹೇಳಿದ್ದೇ ಇರಲಿ ಎಂದು ಬಿಟ್ಟೆ.

ಯಾವುದೋ ಗ್ರಂಥಿಯ ಕಾಯಿಲೆ ಇರಬಹುದು, ಇನ್ನೊಂದು ಟೆಸ್ಟ್ ಮಾಡೋಣ ಎಂದರು. ಮನೆಗೆ ಬಂದು ಉಳಿದ ಮಾತ್ರೆಗಳನ್ನು ದಾರದುಂಡೆಗಳ ಅಡಿಯಲ್ಲಿ ಬಚ್ಚಿಟ್ಟೆ. ಕೊಡುವುದನ್ನು ಅವತ್ತೇ ನಿಲ್ಲಿಸಿದೆ. ತಾನಾಗಿ ಸರಿಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ.

ಕೆಲವು ದಿನಗಳಲ್ಲೇ ಮಂಡಕ್ಕಿ ನೆಲ ಹಿಡಿಯಿತು.

ವಾಂತಿ. ನಡುಕ. ಎತ್ತಿ ನಿಲ್ಲಿಸಿದರೆ ಕಾಲು ಕುಸಿಯುತ್ತಿತ್ತು. ಬಸುವಿನ ಕಣ್ಣು ಕೆಂಪಾಯಿತು.

"ನೀನ್ ಹೇಳಿದ್ದೇ ನಿಜ ಅಕ್ಕ. ಆ ವಿಮಲಮ್ಮಂದೇ ಕೆಲಸ. ಇವತ್ತು ಬಿಡಲ್ಲ!"

ಮೆಟ್ಟಿಲು ಹತ್ತುತ್ತಿದ್ದವನ ಅಂಗಿ ಹಿಡಿದು ಎಳೆದೆ.

"ಅವರಲ್ಲ ಕಣೋ. ನಾನು."

ಆಟೋದಲ್ಲಿ ಎಲ್ಲ ಹೇಳಿದೆ. ಅವನು ಮಂಡಕ್ಕಿಯನ್ನು ಎದೆಗೆ ಒತ್ತಿಕೊಂಡು ರಸ್ತೆಯನ್ನೇ ನೋಡುತ್ತಿದ್ದ. ಡಾಕ್ಟರಮ್ಮ ಮಾತ್ರೆಯ ಸ್ಟ್ರಿಪ್ ನೋಡಿ, ಡ್ರಿಪ್ ಹಾಕುತ್ತಲೇ ಹೇಳಿದರು: "ಥಟ್ಟಂತ ನಿಲ್ಲಿಸಿಬಿಟ್ರಾ ಅಮ್ಮ? ಇದೇ ಸ್ಟೀರಾಯ್ಡು. ಹೊರಗಿಂದ ಬರ್ತಿದೆ ಅಂತ ಮೈ ತಾನು ಅದನ್ನ ತಯಾರಿಸೋದನ್ನ ಬಿಟ್ಟಿರುತ್ತೆ. ನೀವೂ ಬಿಟ್ರೆ ಅದು ಹೆಂಗೆ ಬದುಕುತ್ತೆ? ಇದನ್ನ ಸ್ವಲ್ಪ ಸ್ವಲ್ಪಾನೇ ಕಮ್ಮಿ ಮಾಡ್ಬೇಕು. ಅವತ್ತೇ ಹೇಳಿದ್ರೆ..."

ಮಂಡಕ್ಕಿ ಉಳಿಯಿತು. ಈಗ ನಡೆಯುತ್ತದೆ, ನೀರು ಕುಡಿಯುವುದು ಕಡಿಮೆಯಾಗಿದೆ. ಪೂರ್ತಿ ಸರಿಹೋಗುತ್ತದೋ ಇಲ್ಲವೋ, ಕಾದು ನೋಡಬೇಕಂತೆ. ಕಮ್ಮಿ ಮಾಡುತ್ತಾ ಕೊಡಬೇಕಾದ ಆ ಮಾತ್ರೆಗಳನ್ನು ಬಸು ತಾನೇ ಕೊಟ್ಟು, ಉಳಿದದ್ದನ್ನು ಜೇಬಿನಲ್ಲೇ ಇಟ್ಟುಕೊಂಡು ವರ್ಕ್‌ಶಾಪಿಗೆ ಹೋಗುತ್ತಿದ್ದ. ನನ್ನೊಡನೆ ಮಾತು ಊಟಕ್ಕೆ ಬೇಕಾದಷ್ಟೇ.

ನಿನ್ನೆ ಬೆಳಿಗ್ಗೆ ಹೊರಟವನು ತಿರುಗಿ ಬಂದು ಅರ್ಧ ಮಾತ್ರೆಯನ್ನು ನನ್ನ ಅಂಗೈಯಲ್ಲಿಟ್ಟ.

"ನೀನೇ ಕೊಡು. ನುಂಗಿತಾ ನೋಡ್ಕೊಂಡು ಹೋಗ್ತೀನಿ."

ಬ್ಯಾಗು ಹೆಗಲಲ್ಲೇ ಇತ್ತು. ನಾನು ಮಂಡಕ್ಕಿಯ ಬಾಯಿ ಬಿಡಿಸುವಾಗ ಅವನು ರೆಪ್ಪೆ ಬಡಿಯದೆ ನನ್ನ ಬೆರಳನ್ನೇ ನೋಡುತ್ತಿದ್ದ. ನೋಡಲಿ. ಕೈಗೆ ಕೊಟ್ಟನಲ್ಲ.