ಸೋಮವಾರ ಹೊಲಿದ ಚೀಲ

ಅರಗು ಕರಗುವ ವಾಸನೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬಹುದು. ಮೊದಲೆಲ್ಲ ಅಂಚೆ ಕಚೇರಿಯಲ್ಲಿ ಚೀಲಕ್ಕೆ ಮುದ್ರೆ ಒತ್ತುವಾಗ ಬರುತ್ತಿತ್ತಲ್ಲ, ಸುಟ್ಟ ವಾಸನೆಯೂ ಹೌದು, ಏನೋ ಸಿಹಿಯೂ ಹೌದು... ಅದೇ. ಹೋದ ತಿಂಗಳು ನಮ್ಮ ಪಂಚಾಯಿತಿ ಕಚೇರಿಯ ಹಿಂದಿನ ಶೆಡ್ಡಿನಲ್ಲಿ ಪೊಲೀಸರೊಬ್ಬರು ಲೈಟರ್ ಹಿಡಿದು ಕೆಂಪು ಅರಗಿನ ಕಡ್ಡಿ ಕರಗಿಸುತ್ತಿದ್ದರು. ಯಾರದ್ದೋ ತೋಟದಿಂದ ಕದ್ದ ತಾಮ್ರದ ತಂತಿ ಅಲ್ಲಿ ಸಿಕ್ಕಿತ್ತು. ಅದನ್ನು ಜಪ್ತಿ ಮಾಡುವಾಗ ಪಂಚರಾಗಿ, ಎಂದರೆ ಕಣ್ಣಾರೆ ನೋಡಿದ ಸಾಕ್ಷಿಗಳಾಗಿ ನಿಲ್ಲಲು ಇಬ್ಬರು ಸಿಬ್ಬಂದಿಯನ್ನು ಕಳಿಸಿ ಎಂದು ಠಾಣೆಯಿಂದ ಕಾಗದ ಬಂದಿತ್ತು. ಸಂಬಳದ ಕೆಲಸದಲ್ಲಿರುವವರು ಕೋರ್ಟಿನಲ್ಲಿ ಮಾತು ಬದಲಿಸುವುದಿಲ್ಲ ಎಂದು ಅವರಿಗೊಂದು ನಂಬಿಕೆ. ಬಿಲ್ ಕಲೆಕ್ಟರೂ ನಾನೂ ಹೋಗಿ ನಿಂತೆವು. ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ನಲವತ್ತು ದಾಟಿದ ಹೆಂಗಸು, ಸಭೆಯಲ್ಲಿ ಮೆಂಬರುಗಳಿಗೆ ಜೋರು ಮಾಡುವವಳು, ಅಲ್ಲೇ ಕಂಬ ಹಿಡಿದುಕೊಂಡು ನಿಂತೆ.

ಟೈಲರ್ ಮಾವ ನೆನಪಾದರು.

ಅವರ ಹೆಸರು ಹೇಳುವುದಿಲ್ಲ, ಆ ಪೇಟೆಯ ಹೆಸರೂ ಬೇಡ. ಕೊಡಗಿನ ಯಾವುದೋ ಒಂದು ಸಣ್ಣ ಪೇಟೆ ಎಂದುಕೊಳ್ಳಿ. ಠಾಣೆಯ ಎದುರಿಗೆ ರಸ್ತೆ ದಾಟಿದರೆ ನಾಲ್ಕು ಮಳಿಗೆಗಳಿದ್ದವು. ಒಂದರಲ್ಲಿ ಮಾವನ ಹೊಲಿಗೆ ಮಿಷನ್ನು, ಪಕ್ಕದ್ದರಲ್ಲಿ ನಾನು ಸಂಬಳಕ್ಕೆ ನೋಡಿಕೊಳ್ಳುತ್ತಿದ್ದ ಝೆರಾಕ್ಸ್ ಮಿಷನ್ನು. ನಡುವೆ ಇದ್ದದ್ದು ಹಲಗೆ ಗೋಡೆ. ನನಗಾಗ ಇಪ್ಪತ್ತನಾಲ್ಕು. ಅವರ ಮಿಷನ್ನಿನ ಸದ್ದು ನಿಂತರೆ ಊಟದ ಹೊತ್ತಾಯಿತು ಎಂದು ನನಗೆ ಗೊತ್ತಾಗುತ್ತಿತ್ತು. ಕರೆಂಟು ಹೋದರೆ ಅವರು ಗೋಡೆಯಾಚೆಯಿಂದ, “ನಿನ್ನ ಮಿಷನ್ನಿಗೆ ಕರೆಂಟು ಬೇಕು, ನನ್ನದಕ್ಕೆ ಕಾಲು ಸಾಕು. ಯಾರು ಹೆಚ್ಚು ಓದಿದ್ದು ಹೇಳು?” ಎಂದು ಕಿಚಾಯಿಸುತ್ತಿದ್ದರು.

ಅವರ ಬಳಿ ಒಂದು ಅಳತೆ ಪುಸ್ತಕವಿತ್ತು. ಯಾರ ಬಟ್ಟೆ, ಎಷ್ಟು ಇಂಚು, ಯಾವ ತಾರೀಕು, ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಆ ಬಟ್ಟೆಯದೇ ಒಂದು ಚೂರನ್ನು ಗುಂಡುಪಿನ್ನಿನಿಂದ ಚುಚ್ಚಿಡುತ್ತಿದ್ದರು. ದಿಂಬಿನ ಕವರಾದರೂ ಸರಿ, ಬರೆಯದೆ ಕತ್ತರಿ ಹಾಕುತ್ತಿರಲಿಲ್ಲ. “ನನ್ನ ತಲೆ ನಂಬಕ್ಕಾಗಲ್ಲ ಮಾರಾಯ್ತಿ” ಎನ್ನುತ್ತಿದ್ದರು.

ಇನ್ನು ನಮ್ಮಿಬ್ಬರ ಇನ್ನೊಂದು ಕಸುಬಿನ ಬಗ್ಗೆ ಹೇಳಬೇಕು. ಪೊಲೀಸರು ಜಪ್ತಿ ಮಾಡಿದ ಸಾಮಾನನ್ನು ಬಿಳಿ ಬಟ್ಟೆಯ ಚೀಲಕ್ಕೆ ಹಾಕಿ, ಬಾಯಿ ಹೊಲಿದು, ಮೇಲೆ ಅರಗಿನ ಮುದ್ರೆ ಒತ್ತಬೇಕು. ಎದುರಿನ ಠಾಣೆಗೆ ಆ ಚೀಲ ಹೊಲಿಯುತ್ತಿದ್ದದ್ದು ಟೈಲರ್ ಮಾವ. ಹೇಗೂ ಬಂದಾಯಿತಲ್ಲ ಎಂದು ಪೊಲೀಸರು ಮಹಜರಿನ ಹಾಳೆಯನ್ನೂ ಅಲ್ಲೇ ಚಾಚುತ್ತಿದ್ದರು. “ಮಾವ, ಒಂದು ಸೈನ್.” ಆಮೇಲೆ ಹಲಗೆ ಗೋಡೆ ತಟ್ಟಿ, “ಝೆರಾಕ್ಸಕ್ಕ, ನಿಮ್ದೊಂದು.” ಕಳ್ಳಬಟ್ಟಿ ಎಲ್ಲೋ ಹಿಡಿದಿರುತ್ತಿದ್ದರು, ಬೀಟೆ ಮರ ಇನ್ನೆಲ್ಲೋ. ನಾವು ಅಲ್ಲಿಗೆ ಹೋಗಿ ಕಣ್ಣಾರೆ ಕಂಡೆವು ಎಂದು ಇಲ್ಲೇ ಕೂತು ಸೈನು. ಎಷ್ಟೋ ಸಲ ಹಾಳೆ ಖಾಲಿಯೇ ಇರುತ್ತಿತ್ತು, ಆಮೇಲೆ ಬರೆದುಕೊಳ್ಳುತ್ತಿದ್ದರು. ನಮಗೆ ಅದು ತಪ್ಪು ಎಂದು ಅನ್ನಿಸಿದ್ದೇ ಇಲ್ಲ. ಎದುರುಮನೆಯವರು ಸಕ್ಕರೆ ಕೇಳಿದರೆ ಕೊಡುವುದಿಲ್ಲವೇ, ಹಾಗೆ. “ಕೂತಲ್ಲೇ ಇಡೀ ಕೊಡಗು ಸುತ್ತಿದೀವಿ ನಾವಿಬ್ರು, ಬಸ್ಸಿಗೂ ಹತ್ತದೆ” ಎಂದು ಮಾವ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಈಗ ಆ ನಗು ನೆನೆದರೆ ಮೈ ಜುಮ್ಮೆನ್ನುತ್ತದೆ.

ಕರಿಮೆಣಸು ಕುಯ್ಯುವ ಕಾಲದಲ್ಲಿ ಒಂದು ಭಾನುವಾರ, ಹತ್ತಿರದ ಎಸ್ಟೇಟೊಂದರ ಕಣದಲ್ಲಿ ವಾಚ್‌ಮನ್ ಸತ್ತು ಬಿದ್ದಿದ್ದ. ಒಣಗಲು ಹಾಕಿದ್ದ ಮೆಣಸು ಹೋಗಿತ್ತು, ಅವನ ತಲೆಗೆ ಕತ್ತಿಯ ಏಟು ಬಿದ್ದಿತ್ತು. ಪೇಟೆಗೆ ಪೇಟೆಯೇ ಹೆದರಿ ಬಾಗಿಲು ಹಾಕಿಕೊಂಡಿತು. ಸೋಮವಾರ ಮಧ್ಯಾಹ್ನ ಠಾಣೆಯ ದಫೇದಾರರು ಪೇಪರಿನಲ್ಲಿ ಸುತ್ತಿದ ಒಂದು ಕತ್ತಿ ತಂದರು. ಸೊಪ್ಪು ಕಡಿಯುವಂಥದ್ದು. ನಾನು ಮಾವನಿಗೆ ಚಹಾ ಕೊಡಲು ಹೋದವಳು ಅಲ್ಲೇ ಇದ್ದೆ.

“ಎಲ್ಲಿ ಸಿಕ್ತು ಸಾರ್?” ಮಾವ ಟೇಪು ಹಿಡಿದು ಕೇಳಿದರು.

“ಕಣದ ಬೇಲಿ ಹತ್ರ. ಬೇಗ ಹೊಲೀರಿ ಮಾವ.”

ಮಾವ ಕತ್ತಿಯನ್ನು ಮುಟ್ಟದೆ ಅಳೆದರು, ಪುಸ್ತಕದಲ್ಲಿ ಬರೆದುಕೊಂಡರು, ಬಿಳಿ ಬಟ್ಟೆಯ ಚೂರು ಚುಚ್ಚಿದರು, ಚೀಲ ಹೊಲಿದುಕೊಟ್ಟರು. ದಫೇದಾರರು ಒಂದು ಖಾಲಿ ಹಾಳೆ ಇಟ್ಟರು. ಇಬ್ಬರೂ ಸೈನ್ ಮಾಡಿದೆವು. ಬುಧವಾರ ಅದೇ ಎಸ್ಟೇಟಿನ ಲೈನ್ ಮನೆಯಲ್ಲಿ, ಎಂದರೆ ಕೂಲಿಯವರ ಸಾಲುಮನೆಯಲ್ಲಿ ಇದ್ದ ಆಳೊಬ್ಬನನ್ನು ಹಿಡಿದರು ಎಂದು ಸುದ್ದಿ ಬಂತು. ಸದ್ಯ ಸಿಕ್ಕಿಬಿದ್ದನಲ್ಲ ಎಂದು ಎಲ್ಲರ ಹಾಗೆ ನಾನೂ ಉಸಿರು ಬಿಟ್ಟೆ.

ಕೆಲವು ತಿಂಗಳಾದ ಮೇಲೆ ಅವನ ಹೆಂಡತಿ ನನ್ನ ಅಂಗಡಿಗೆ ಬಂದಳು. ವಕೀಲರಿಗೆ ಕೊಡಲು ಚಾರ್ಜ್‌ಶೀಟಿನ ಪ್ರತಿ ಬೇಕಿತ್ತು. ನಾನು ಒಂದೊಂದೇ ಹಾಳೆಯನ್ನು ಗಾಜಿನ ಮೇಲೆ ಇಡುತ್ತಾ ಹೋದೆ. ಒಂದು ಹಾಳೆಯ ಕೊನೆಯಲ್ಲಿ ನನ್ನ ಸೈನು! ಮೇಲಿನದ್ದನ್ನು ಓದಿದೆ. ಬುಧವಾರ ಬಂಧಿಸಿದ ಮೇಲೆ ಆರೋಪಿಯೇ ಮುಂದೆ ನಡೆದು, ಲೈನ್ ಮನೆಯ ಹಿಂದಿನ ಸೊಪ್ಪಿನ ರಾಶಿಯೊಳಗಿಂದ ಕತ್ತಿ ತೆಗೆದುಕೊಟ್ಟನಂತೆ. ಅದನ್ನು ಟೈಲರ್ ಮಾವನೂ ನಾನೂ ಪಕ್ಕದಲ್ಲಿ ನಿಂತು ನೋಡಿದೆವಂತೆ.

“ಅದ್ರಲ್ಲಿ ಎಂಥ ಬರ್ದದೆ ಅಕ್ಕ? ಸ್ವಲ್ಪ ಓದಿ ಹೇಳಿ” ಎಂದಳು ಆಕೆ.

“ಇಂಕು ಸರಿ ಇಲ್ಲ, ಕಾಣ್ತಾ ಇಲ್ಲ” ಎಂದೆ.

ಮುಖ ನೋಡಿಕೊಂಡೇ ಆ ಸುಳ್ಳು ಹೇಳಿದೆ. ಅವಳು ನಂಬಿದಳು, ಪ್ರತಿಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಮಾವನಿಗೆ ಹೇಳಿದೆ. ಅವರು ಪುಸ್ತಕ ತೆಗೆದು ಹಾಳೆ ತಿರುವಿದರು. ‘ಠಾಣೆ. ಕತ್ತಿ ಚೀಲ. ಹದಿನೆಂಟೂವರೆ.’ ಪಕ್ಕದಲ್ಲಿ ಸೋಮವಾರದ ತಾರೀಕು. ಬುಧವಾರ ಸಿಕ್ಕಿತು ಎನ್ನುವ ಕತ್ತಿಗೆ ಎರಡು ದಿನ ಮೊದಲೇ ಚೀಲ ಹೊಲಿದಾಗಿತ್ತು. ಬೇಲಿಯ ಹತ್ತಿರ ಸಿಕ್ಕಿದ್ದನ್ನು ಅವನ ಮನೆಯ ಹಿಂದೆ ಇಟ್ಟಿದ್ದು ಪೊಲೀಸರು ಮಾತ್ರವಲ್ಲ, ಸೈನ್ ಹಾಕಿ ನಾವೂ ಕೈ ಜೋಡಿಸಿದ್ದೆವು.

“ಅವನೇ ಕೊಂದಿರಬಹುದು ಮಾವ” ಎಂದೆ. ಹಾಗಾದರೂ ಇರಲಿ ದೇವರೇ ಎಂದು ಬೇಡುತ್ತಿದ್ದೆ.

“ಇರಬಹುದು. ಅಲ್ಲದೆಯೂ ಇರಬಹುದು. ನಂಗೆ ಗೊತ್ತಿರೋದು ಚೀಲದ್ದು ಮಾತ್ರ.”

ಕೋರ್ಟಿನಿಂದ ಸಮನ್ಸ್ ಬರುವ ಹೊತ್ತಿಗೆ ವರ್ಷವಾಗಿತ್ತು. ಆತ ಜೈಲಿನಲ್ಲೇ ಇದ್ದ. ಆ ವರ್ಷವಿಡೀ ನಾನು ಹೇಗೆ ಬದುಕಿದೆ ಎಂದು ಕೇಳಬೇಡಿ... ಎದುರಿನ ಜೀಪು ಚಾಲೂ ಆದರೆ ಜೀವ ಬಾಯಿಗೆ ಬರುತ್ತಿತ್ತು. ಸಾಕ್ಷಿಯ ಹಿಂದಿನ ದಿನ ದಫೇದಾರರು ಬಂದು ಸ್ಟೂಲಿನ ಮೇಲೆ ಕೂತರು. ಕೂಗಾಡಲಿಲ್ಲ. ತಂಗಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು: “ಅವನೇ ಅಂತ ನಮಗೆ ಗೊತ್ತಮ್ಮ. ಕಾನೂನಿಗೆ ಒಂದು ಕಾಗದ ಬೇಕು, ಅಷ್ಟೇ. ನೋಡಿದೀನಿ ಅಂತ ಒಂದು ಮಾತು ಹೇಳಿ ಬನ್ನಿ. ಇಲ್ಲಾಂದ್ರೆ ಸುಳ್ಳು ಸೈನ್ ಹಾಕಿದ್ದು ನೀವೇ ಅಂತಾಗ್ತದೆ. ಮದುವೆ ಆಗಬೇಕಾದ ಹೆಣ್ಣುಮಗಳು...” ಗೋಡೆಯಾಚೆ ಮಾವನ ಮಿಷನ್ನು ನಿಂತಿತ್ತು. ಅವರಿಗೂ ಎಲ್ಲ ಕೇಳಿಸಿತ್ತು.

ಮರುದಿನ ಒಂದೇ ಬಸ್ಸಿನಲ್ಲಿ ಹೋದೆವು. ಅವರ ಶರ್ಟಿನೊಳಗೆ ಹೊಟ್ಟೆಯ ಹತ್ತಿರ ಏನೋ ಚೌಕಾಕಾರ ಎದ್ದು ಕಾಣುತ್ತಿತ್ತು. ಮೊದಲು ನನ್ನನ್ನು ಕರೆದರು. ಕಟಕಟೆ ಹತ್ತಿದೆ. ಕಣ್ಣೆತ್ತಿದರೆ ಒಂದು ಕಡೆ ಆ ಆಳು ನಿಂತಿದ್ದ, ಬಾಗಿಲ ಬಳಿ ಅವನ ಹೆಂಡತಿ, ಅವಳ ಹಿಂದೆ ದಫೇದಾರರು. ಕತ್ತಿ ತೆಗೆದುಕೊಟ್ಟದ್ದನ್ನು ನೋಡಿದಿರಾ ಎಂದು ಸರ್ಕಾರಿ ವಕೀಲರು ಕೇಳಿದರು.

“ನೋಡಿದ್ದೇನೆ” ಎಂದೆ.

ಆ ಆಳಿನ ವಕೀಲರು ಏನೇನೋ ಕೇಳಿದರು. ಎಲ್ಲದಕ್ಕೂ ಅದನ್ನೇ ಹೇಳಿದೆ. ಹೊರಗೆ ಬಂದಾಗ ಮಾವ ಬೆಂಚಿನಿಂದ ಎದ್ದು, “ಎಂಥ ಹೇಳ್ದೆ?” ಎಂದರು. ನಾನು ನೆಲ ನೋಡಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಆಯ್ತು, ನೀರು ಕುಡಿ ಹೋಗು” ಎಂದು ಒಳಗೆ ಹೋದರು. ನೀರು ಕುಡಿಯಲು ಹೋಗಲಾಗದೆ ನಾನು ಬಾಗಿಲ ಸಂದಿಯಲ್ಲಿ ನಿಂತೆ.

ಮಾವ ಶರ್ಟಿನ ಗುಂಡಿ ಬಿಚ್ಚಿ ಪುಸ್ತಕ ಹೊರಗೆ ತೆಗೆದರು. ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಪುಸ್ತಕದೊಳಗಿನ ಬಟ್ಟೆಚೂರುಗಳು ಅಲ್ಲಾಡುತ್ತಿದ್ದವು. “ಸೈನ್ ನನ್ನದೇ ಸ್ವಾಮಿ. ಹೋಗಿದ್ದು ಸುಳ್ಳು. ನಾನು ಎಲ್ಲಿಗೂ ಹೋಗಿಲ್ಲ, ಯಾವತ್ತೂ ಹೋಗಿಲ್ಲ. ಚೀಲ ಹೊಲಿದಿದ್ದು ಸೋಮವಾರ.” ಈ ಸಾಕ್ಷಿ ನಮಗೆ ಪ್ರತಿಕೂಲ ಎಂದು ಸರ್ಕಾರಿ ವಕೀಲರು ಎದ್ದು ನಿಂತರು, ಪೊಲೀಸರಿಗೆ ಮೋಸ ಮಾಡಲು ಎಲ್ಲಿಂದ ಕಲಿತು ಬಂದೆ ಎಂದು ಗದರಿದರು. ಆಮೇಲೆ ಆರೋಪಿಯ ವಕೀಲರು ಕೇಳಿದರು: ನಿಮ್ಮ ಜೊತೆ ಸೈನ್ ಹಾಕಿದ ಆ ಹೆಣ್ಣುಮಗಳು ಅಲ್ಲಿಗೆ ಹೋಗಿದ್ದಳೇ?

ಒಂದು ಮಾತು ಸಾಕಿತ್ತು, ನಾನು ಅಲ್ಲೇ ಮುಗಿದುಹೋಗುತ್ತಿದ್ದೆ.

“ನನ್ನದು ಮಾತ್ರ ಕೇಳಿ ಸ್ವಾಮಿ” ಎಂದರು ಮಾವ. “ನನ್ನ ತಪ್ಪು ನಾನು ಹೇಳಿದೀನಿ.” ಮತ್ತೆ ಮತ್ತೆ ಕೇಳಿದರೂ ಅಷ್ಟೇ ಹೇಳಿದರು.

ಆ ಆಳಿಗೆ ಬಿಡುಗಡೆಯಾಯಿತು. ವಾಚ್‌ಮನ್‌ನನ್ನು ಕೊಂದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಬೇಲಿಯ ಹತ್ತಿರ ಸಿಕ್ಕಿದ್ದು ನಿಜವಾಗಿ ಕೊಂದವನ ಕತ್ತಿಯೇ ಇರಬೇಕು. ಅದನ್ನು ಬೇರೆ ಜಾಗದಲ್ಲಿ ಸಿಕ್ಕಿತು ಎಂದು ಬರೆದು, ನಾವು ಸೈನ್ ಹಾಕಿ, ಯಾರೂ ನಂಬದ ಹಾಗೆ ಮಾಡಿಬಿಟ್ಟೆವು. ವಾಚ್‌ಮನ್‌ನ ಹೆಂಡತಿಯ ಮುಖ ನಾನು ನೋಡಿಯೇ ಇಲ್ಲ. ಅದೊಂದು ಹೆದರಿಕೆ ಬೇರೆ ಇದೆ, ಎಲ್ಲಾದರೂ ಎದುರು ಸಿಕ್ಕರೆ ಎಂದು.

ಆಮೇಲೆ ಮಾವನನ್ನು ಎದುರಿನ ಠಾಣೆಯಿಂದ ಕರೆಯತೊಡಗಿದರು. ಹೊಡೆಯಲಿಲ್ಲ, ಬೈಯಲಿಲ್ಲ. ಬೆಳಿಗ್ಗೆ ಕರೆದು ಬೆಂಚಿನ ಮೇಲೆ ಕೂರಿಸುತ್ತಿದ್ದರು, ಸಂಜೆ ಹೋಗು ಎನ್ನುತ್ತಿದ್ದರು. ಎರಡು ದಿನ ಬಿಟ್ಟು ಮತ್ತೆ ಕರೆ. ನನ್ನ ಅಂಗಡಿಯಿಂದ ಅವರ ಕಾಲು ಕಾಣುತ್ತಿತ್ತು, ಮಿಷನ್ ತುಳಿಯುವಂತೆ ಪಾದ ಮೇಲೆ ಕೆಳಗೆ ಆಡುತ್ತಿತ್ತು. ಗಿರಾಕಿಗಳು ಬಟ್ಟೆ ವಾಪಸು ಒಯ್ದರು. ನಾನು? ನಾನು ಆ ಬೆಂಚಿನ ಕಡೆ ನೋಡದೆ ಝೆರಾಕ್ಸ್ ತೆಗೆಯುತ್ತಿದ್ದೆ. ಒಂದು ಲೋಟ ಚಹಾ ಒಯ್ದು ಕೊಡಲೂ ರಸ್ತೆ ದಾಟಲಿಲ್ಲ. ಮಳೆಗಾಲಕ್ಕೆ ಮೊದಲೇ ಅವರು ಮಿಷನ್ನನ್ನು ಪಿಕಪ್ಪಿಗೆ ಹಾಕಿ ತಿತಿಮತಿಯ ಅಕ್ಕನ ಮನೆಗೆ ಹೊರಟುಹೋದರು. ಹೋಗುವಾಗ ಹಲಗೆ ಗೋಡೆ ತಟ್ಟಿದರು. ನಾನು ಇಲ್ಲದವಳ ಹಾಗೆ ಸುಮ್ಮನೆ ಕೂತೆ...

ಆ ಆಳಿನ ಹೆಂಡತಿ ಇನ್ನೊಮ್ಮೆ ಬಂದಳು, ತೀರ್ಪಿನ ಪ್ರತಿ ಮಾಡಿಸಲು. ಕೋರ್ಟಿನಲ್ಲಿ ನನ್ನ ಮಾತು ಅವಳು ಕೇಳಿದ್ದಳು. ಕಾಗದವನ್ನು ನನ್ನ ಕೈಗೆ ಕೊಡದೆ ತಾನೇ ಗಾಜಿನ ಮೇಲಿಟ್ಟಳು. “ಇದಾದ್ರೂ ಕಾಣೋ ಹಾಗೆ ಬರ್ಲಿ” ಎಂದಳು. ಅಷ್ಟೇ. ನಾನು ಆ ತಿಂಗಳೇ ಕೆಲಸ ಬಿಟ್ಟೆ.

ಮಾವ ತೀರಿಕೊಂಡ ಸುದ್ದಿ ಸುಂಟಿಕೊಪ್ಪದ ಬಸ್‌ಸ್ಟಾಂಡಿನಲ್ಲಿ ಹಳೇ ಪರಿಚಯದವರೊಬ್ಬರಿಂದ ಗೊತ್ತಾಯಿತು. ತಿಥಿಗೆ ಇನ್ನೂ ಎರಡು ದಿನವಿತ್ತು. ಹೋಗಬಹುದಿತ್ತು. ನೀವು ಯಾರು ಎಂದು ಅವರ ಅಕ್ಕ ಕೇಳಿದರೆ ಏನೆನ್ನಲಿ ಎಂಬ ಹೆದರಿಕೆಗೆ ಹೋಗಲಿಲ್ಲ.

ಹೋದ ತಿಂಗಳು ಶೆಡ್ಡಿನಲ್ಲಿ ಕಂಬ ಹಿಡಿದು ನಿಂತಾಗ ಇದೆಲ್ಲ ಒಟ್ಟಿಗೆ ಬಂತು. ಈಗ ಕಾನೂನು ಬದಲಾಗಿದೆ, ಜಪ್ತಿಯನ್ನೆಲ್ಲ ವಿಡಿಯೋ ಮಾಡಬೇಕು. ಒಬ್ಬ ಹುಡುಗ ಪೊಲೀಸು ಮೊಬೈಲ್ ಹಿಡಿದಿದ್ದ. ಆದರೆ ಅವನು ಶುರು ಮಾಡುವ ಹೊತ್ತಿಗೆ ಚೀಲದ ಬಾಯಿ ಕಟ್ಟಿಯಾಗಿತ್ತು, ಅರಗು ಮಾತ್ರ ಬಾಕಿ. “ಸೈನ್ ಮಾಡಿ ಮೇಡಂ, ರೆಕಾರ್ಡ್ ಆಗ್ತಾ ಇದೆ.” ಬಿಲ್ ಕಲೆಕ್ಟರ್ ಆಗಲೇ ಸೈನ್ ಮಾಡಿ ಪೆನ್ನು ನನ್ನ ಕಡೆ ಚಾಚಿದ್ದ.

“ಓದ್ತೀನಿ ಸಾರ್” ಎಂದೆ. ಸ್ವರ ನನ್ನದೇ ಎಂದು ನನಗೇ ಅನ್ನಿಸಲಿಲ್ಲ. ಮೂರು ಹಾಳೆ ಓದಿದೆ. ತಾರೀಕಿನ ಜಾಗ ಖಾಲಿ ಇತ್ತು. “ಒಳಗೆ ಏನಿದೆ ಅಂತ ನಾನು ನೋಡಿಲ್ಲ. ಬಿಚ್ಚಿ ತೋರಿಸಿ.”

ಸಬ್ ಇನ್‌ಸ್ಪೆಕ್ಟರ್ ನನ್ನನ್ನು ನೋಡಿದರು. ಆಮೇಲೆ ಚೀಲ ಬಿಚ್ಚಿಸಿದರು. ಒಳಗೆ ತಾಮ್ರದ ತಂತಿಯೇ ಇತ್ತು, ಬರೆದಷ್ಟೇ ಇತ್ತು. ಯಾವ ಮೋಸವೂ ಇರಲಿಲ್ಲ. “ಮೇಡಂಗೆ ಹೆದರಿಕೆ ಜಾಸ್ತಿ” ಎಂದು ಯಾರೋ ನಕ್ಕರು. ನಾನು ಸೈನ್ ಹಾಕಿ, ಅದರ ಕೆಳಗೆ ತಾರೀಕನ್ನೂ ಗಂಟೆಯನ್ನೂ ಸಣ್ಣ ಅಕ್ಷರದಲ್ಲಿ ಬರೆದೆ.

ಆ ವಿಡಿಯೋ ಎಲ್ಲಿಯಾದರೂ ಉಳಿದಿದ್ದರೆ ಅದರಲ್ಲಿ ನನ್ನ ಕೈ ನಡುಗುವುದು ಕಾಣಿಸುತ್ತದೆ. ಕಾಣಿಸಲಿ. ಟೈಲರ್ ಮಾವನ ಕೈಯೂ ಆವತ್ತು ಹಾಗೇ ನಡುಗುತ್ತಿತ್ತು. ಅದನ್ನು ಅವರಿಗೆ ಹೇಳಿ ಕಾಲು ಹಿಡಿಯೋಣವೆಂದರೆ ಅವರಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ಆ ನಡುಗುವ ಕೈಯನ್ನು ನಾನು ನೋಡಿದ್ದೇನೆ. ಆ ದಿನ ಕೋರ್ಟಿನಲ್ಲಿ ನಾನು ನಿಜವಾಗಿ ನೋಡಿದ್ದು ಅದೊಂದನ್ನೇ.