ತಿರುಗಿ ತಳ್ಳುವ ಕೋಲು

ಲಿಫ್ಟ್ ರಿಪೇರಿ ಮಾಡುವ ಆ ಮನುಷ್ಯನನ್ನು ಎಲ್ಲರೂ ಲಿಫ್ಟ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಕೆಟ್ಟು ನಿಂತ ಲಿಫ್ಟಿನೊಳಗೆ ಸಿಕ್ಕಿಕೊಂಡವರಿಗೆ ಬಾಗಿಲ ಸಂದಿಯಲ್ಲಿ ಬಾಯಿಟ್ಟು, ಅದು ಯಾಕೆ ನಿಂತಿತು, ಯಾವ ಹಗ್ಗ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಸಾವಕಾಶವಾಗಿ ವಿವರಿಸಿ, ಆಮೇಲೆ ಬಾಗಿಲು ತೆಗೆಯುತ್ತಿದ್ದ. ಹೊರಗೆ ಬಂದವರು ಬೆವರು ಒರೆಸಿಕೊಳ್ಳುತ್ತ ಬೈದರೆ, "ನೀವು ಹೆದರಬಾರ್ದು ಅಂತ ಹೇಳ್ದೆ ಸ್ವಾಮಿ" ಎನ್ನುತ್ತಿದ್ದ.

ಅವನ ಕೈಗುಣ ಇದ್ದದ್ದು ಬಾಗಿಲಿನಲ್ಲಿ. ಲಿಫ್ಟಿನ ಬಾಗಿಲು ಎಷ್ಟು ಬಲದಿಂದ ಮುಚ್ಚಬೇಕು ಎಂಬುದಕ್ಕೆ ಒಂದು ಅಳತೆ ಇರುತ್ತದೆ. ವಯಸ್ಸಾದವರು, ಕಂಕುಳಲ್ಲಿ ಕೂಸಿರುವವರು ಓಡಾಡುವ ಕಟ್ಟಡವಾದರೆ, ಯಾರೂ ಕೇಳದಿದ್ದರೂ ಇವನು ಅದನ್ನು ಒಂದಿಷ್ಟು ಇಳಿಸುತ್ತಿದ್ದ. ತನ್ನ ಭುಜವನ್ನೇ ಮಧ್ಯೆ ಇಟ್ಟು ನೋಡಿ, ಬಾಗಿಲು ಮೆಲ್ಲಗೆ ತಾಗಿ ಹಿಂದೆ ಸರಿದ ಮೇಲೇ ಚೀಲ ಎತ್ತಿಕೊಳ್ಳುತ್ತಿದ್ದ. ಇದನ್ನು ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಉಪಕಾರ ಹೊರಿಸಿದ ಹಾಗಾಗುತ್ತದೆ ಎಂಬ ಸಂಕೋಚ. ಒಳ್ಳೆಯ ಗುಣವೇ, ಇಲ್ಲವೆನ್ನುವವರು ಯಾರು? ಆ ಗುಣವೇ ಅವನ ಮನೆಯೊಳಗೆ ಏನು ಮಾಡಿತು ಎಂಬುದು ಇಲ್ಲಿಯ ಕಥೆ.

ಅವನ ಹೆಂಡತಿ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದಳು. ಹೊರೆಗಳ ಅಡಿಗೆ ಎರಡು ಕಬ್ಬಿಣದ ತೋಳು ತೂರಿಸಿ ಎತ್ತಿ ಅಟ್ಟಕ್ಕಿಡುವ ಗಾಡಿ ಅದು. ಹದಿನಾರು ವರ್ಷ ಓಡಿಸಿದವಳು. ಹಿಂದಕ್ಕೆ ತಿರುಗಿ ಯಾರೊಂದಿಗೋ ಮಾತಾಡುತ್ತಲೇ ಸನ್ನೆಕೋಲು ಎಳೆದು ಗಾಜಿನ ಪೆಟ್ಟಿಗೆಯನ್ನು ಸದ್ದಿಲ್ಲದೆ ಇಳಿಸಬಲ್ಲವಳು. "ಇವ್ರು ಜನ ಎತ್ತೋರು, ನಾನು ಸಾಮಾನು ಎತ್ತೋಳು. ಮನೇಲಿ ಚಮಚ ಬಿದ್ರೆ ಎತ್ತೋಕೆ ಮಾತ್ರ ಒಬ್ರೂ ಇಲ್ಲ" ಎಂದು ಬಂದವರ ಮುಂದೆ ನಗುತ್ತಿದ್ದಳು. ಇಬ್ಬರೇ ಇದ್ದ ಮನೆಯಾದರೂ ಆ ನಗುವಿನಿಂದಾಗಿ ಬರಿದು ಎನಿಸುತ್ತಿರಲಿಲ್ಲ.

ಆಮೇಲೆ ನಿಜವಾಗಿಯೂ ಚಮಚ ಬೀಳತೊಡಗಿತು. ಮೊದಲು ಚಮಚ, ಆಮೇಲೆ ಲೋಟ, ಒಂದು ದಿನ ಗೋದಾಮಿನಲ್ಲಿ ಒಂದು ಹೊರೆ. ಅಲ್ಲಿಗೆ ಅವಳ ಕೆಲಸ ನಿಂತಿತು. ನರಗಳು ಒಂದೊಂದಾಗಿ ಕೈಕೊಡುವ ಕಾಯಿಲೆ, ವಾಸಿಯಾಗುವುದಿಲ್ಲ ಎಂದು ಡಾಕ್ಟರು ಅವನೊಬ್ಬನನ್ನೇ ಹೊರಗೆ ಕರೆದು ಹೇಳಿದರು. ಅವನು ಒಳಗೆ ಬಂದು, "ವ್ಯಾಯಾಮ ಮಾಡಿದ್ರೆ ಸರಿಹೋಗುತ್ತಂತೆ ಕಣೇ" ಎಂದ. ಅಂದಿನಿಂದ ಅವನಿಗೆ ಇದ್ದದ್ದು ಒಂದೇ ಚಿಂತೆ. ಅವಳ ಕೈ ಹೋಗುತ್ತಿದೆ ಎಂಬುದು ಅವಳಿಗೇ ತಿಳಿಯಬಾರದು.

ವಾರಕ್ಕೆರಡು ಸಲ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು ಮೆತ್ತನೆಯ ಚೆಂಡು ಕೊಟ್ಟು ಹಿಸುಕಲು ಹೇಳಿದಳು. ಹೆಂಡತಿ ಎರಡೇ ದಿನಕ್ಕೆ ಅದನ್ನು ಮೂಲೆಗೆಸೆದು, "ನಾನೇನು ಬೆಕ್ಕಾ?" ಎಂದಳು. ಅದಕ್ಕೇ ಮೇಷ್ಟ್ರು ಹಳೆಯ ಕಂಪ್ಯೂಟರುಗಳ ಅಂಗಡಿ ಜಾಲಾಡಿ ಜಾಯ್‌ಸ್ಟಿಕ್, ಅಂದರೆ ಕಂಪ್ಯೂಟರ್ ಆಟ ಆಡುವ ಹಿಡಿಕೋಲು, ತಂದದ್ದು. ಇಟ್ಟಿಗೆಯಷ್ಟು ಭಾರ, ಹೊಟ್ಟೆಯೊಳಗೆ ಮೋಟಾರು. ವಿಮಾನದ ಆಟ ಆಡುವಾಗ ಗಾಳಿ ಎದ್ದರೆ ಹಿಡಿ ನಡುಗುತ್ತದೆ, ವೇಗ ಹೆಚ್ಚಾದರೆ ಬಿಗಿಯಾಗುತ್ತದೆ, ಚಕ್ರ ನೆಲಕ್ಕೆ ತಾಗಿದರೆ ಅಂಗೈಗೆ ಗುದ್ದುತ್ತದೆ. ಮೊದಲ ಸಂಜೆ ಅವಳು ಹಿಡಿ ಮುಟ್ಟಿ ಬೆಚ್ಚಿದಳು.

"ಅಯ್ಯೋ, ಇದು ತಿರುಗಿ ತಳ್ಳುತ್ತೆ ಕಣ್ರೀ!"

"ತಳ್ಳಲಿ ಬಿಡು. ನೀನೂ ತಳ್ಳು."

"ಎಷ್ಟು ದಿನ ಆಯ್ತು ಯಾರಾದ್ರೂ ನನ್ನ ತಳ್ಳಿ. ಎಲ್ರೂ ಹೂವಿನ ಥರ ಹಿಡ್ಕೋತಾರೆ" ಎಂದಳು ಅವಳು. ಮಾತು ಅವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅಂದಿನಿಂದ ಪ್ರತಿ ಸಂಜೆ ಅವಳು ವಿಮಾನ ಹಾರಿಸುವುದು, ಅವನು ಪಕ್ಕದಲ್ಲಿ ಕೂತು ಎತ್ತರ, ವೇಗ ಓದಿ ಹೇಳುವುದು. ತಿಂಗಳಾದ ಮೇಲೆ ಒಂದು ಸಂಜೆ ವಿಮಾನ ರನ್‌ವೇ ಬಿಟ್ಟು ಹೊಲಕ್ಕೆ ನುಗ್ಗಿತು. ಮರುದಿನವೂ ನುಗ್ಗಿತು. ಮೂರನೆಯ ದಿನ ಅವಳು ಮುಖ ತೊಳೆಯಲು ಹೋದಾಗ, ಅವನು ಆಟದ ಸೆಟ್ಟಿಂಗಿನಲ್ಲಿ ಬಲ ಎಂದಿದ್ದ ಕಡೆ, ಅಂದರೆ ಕೋಲು ತಿರುಗಿ ತಳ್ಳುವ ಅಳತೆಯಲ್ಲಿ, ನೂರನ್ನು ಎಂಬತ್ತಕ್ಕೆ ಇಳಿಸಿದ. ಆ ಸಂಜೆ ವಿಮಾನ ಚೆನ್ನಾಗಿ ಇಳಿಯಿತು. "ನೋಡ್ದ್ಯಾ, ಕೈ ಸುಧಾರಿಸ್ತಿದೆ!" ಎಂದು ಅವನು ತೊಡೆ ತಟ್ಟಿದ. ಅವಳು ಹಿಡಿಯನ್ನು ಆ ಕಡೆ ಈ ಕಡೆ ಒಮ್ಮೆ ಆಡಿಸಿ ನೋಡಿ, ಅವನ ಮುಖ ನೋಡಿ, "ಹೌದಲ್ವಾ" ಎಂದಳು.

ಆಮೇಲೆ ಎಂಬತ್ತು ಅರವತ್ತಾಯಿತು, ಅರವತ್ತು ನಲವತ್ತಾಯಿತು. ನಡುವೆ ಸಣ್ಣಪುಟ್ಟ ಸಂಗತಿಗಳು ನಡೆದವು. ಒಂದು ಸಂಜೆ ಜಾಯ್‌ಸ್ಟಿಕ್ಕಿನ ಬುಡ ಬಿಸಿಯಾಗಿತ್ತು. "ಬಿಸಿಲು ಬಿದ್ದಿತ್ತು" ಎಂದಳು. ಅವನು ಕಿಟಕಿಗೆ ಪರದೆ ಹಾಕಿದ. ಇನ್ನೊಮ್ಮೆ ಅವಳ ಮುಂಗೈ ಮೇಲೂ ಎದೆಮೂಳೆಯ ಕೆಳಗೂ ನೀಲಿಗಟ್ಟಿತ್ತು. "ಬಚ್ಚಲ ಬಾಗ್ಲು ಹೊಡೀತು" ಎಂದಳು. ಅವನು ಆಗಲೇ ಚೀಲ ತಂದು ಬಾಗಿಲಿನ ಸ್ಪ್ರಿಂಗ್ ಸಡಿಲಿಸಿದ. ಆ ಮನೆಯಲ್ಲಿ ಅವನು ಸರಿಮಾಡದೆ ಬಿಟ್ಟ ವಸ್ತುವಿರಲಿಲ್ಲ. ಕೇಳುವುದೊಂದನ್ನು ಮಾತ್ರ ಬಿಟ್ಟಿದ್ದ.

ಹನ್ನೊಂದನೆಯ ತಿಂಗಳಿಗೆ ಉಸಿರಾಡುವ ಶಕ್ತಿಯೂ ಕೈಕೊಟ್ಟಿತು, ಅವಳು ಹೋದಳು. ಆಗ ಬಲದ ಅಂಕಿ ಐದಕ್ಕೆ ಬಂದಿತ್ತು. ಅವನಿಗೆ ಉಳಿದಿದ್ದ ಸಮಾಧಾನ ಒಂದೇ: ಅವಳಿಗೆ ಗೊತ್ತಾಗಲಿಲ್ಲ.

ನಾಲ್ಕು ತಿಂಗಳಾದ ಮೇಲೆ ವ್ಯಾಯಾಮದ ಹೆಂಗಸು ಫೋನ್ ಮಾಡಿದಳು. ಇನ್ನೊಂದು ಮನೆಯಲ್ಲಿ ಇದೇ ಕಾಯಿಲೆಯ ಇನ್ನೊಬ್ಬಾಕೆ ಇದ್ದಾಳೆ, ಜಾಯ್‌ಸ್ಟಿಕ್ ಕೊಡುತ್ತೀರಾ ಎಂದು ಕೇಳಿದಳು. ಮೇಷ್ಟ್ರು ಒಪ್ಪಿದ. ಕೆಟ್ಟ ವಸ್ತುವನ್ನು ಕೊಡುವ ಪೈಕಿ ಅಲ್ಲವಲ್ಲ, ಭಾನುವಾರ ಬೆಳಿಗ್ಗೆ ಪರೀಕ್ಷೆ ಮಾಡಲೆಂದು ಕಂಪ್ಯೂಟರ್ ಹಾಕಿದ. ಅವಳ ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ತನ್ನ ಕುರ್ಚಿಯಲ್ಲೇ ಕೂತು, ಬಲವನ್ನು ಮತ್ತೆ ನೂರಕ್ಕೆ ಏರಿಸಲು ಸೆಟ್ಟಿಂಗ್ ತೆರೆದ.

ಅಲ್ಲಿ ಉಳಿಸಿಟ್ಟ ಸೆಟ್ಟಿಂಗುಗಳ ಎರಡು ಹೆಸರಿದ್ದವು. ಒಂದು ಅವನೇ ಮಾಡಿಟ್ಟದ್ದು, 'ಮನೆ'. ಬಲ, ಐದು. ಅದರ ಕೆಳಗೆ ಅವನು ಎಂದೂ ಕಣ್ಣು ಹಾಯಿಸದ ಇನ್ನೊಂದು, 'ನನ್ನದು'. ಬಲ, ನೂರು.

ಗೋದಾಮಿನ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಸರಕಿನ ಪಟ್ಟಿ ಬಡಿದವಳಿಗೆ ಇದೇನು ದೊಡ್ಡ ವಿದ್ಯೆಯೇ? ಅದನ್ನು ಮಾಡಿಟ್ಟ ದಿನಾಂಕ, ಅವನು ಮೊದಲ ಸಲ ಎಂಬತ್ತಕ್ಕೆ ಇಳಿಸಿದ್ದರ ಮರುದಿನದ್ದು. ಆಟದೊಳಗೆ ಪ್ರತಿ ಹಾರಾಟವನ್ನೂ ಬರೆದಿಡುವ ಪಟ್ಟಿಯೊಂದಿರುತ್ತದೆ, ಅದನ್ನು ತೆರೆದ. ಸಂಜೆಯ ಹಾರಾಟಗಳ ಎದುರು ಸಾಲಾಗಿ ಹಸಿರು ಗುರುತು, ಅಂದರೆ ಇಳಿಯಿತು. ಆದರೆ ಅವನು ಕೆಲಸಕ್ಕೆ ಹೋಗಿರುತ್ತಿದ್ದ ಹೊತ್ತಿನಲ್ಲಿ, ಹನ್ನೊಂದಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, 'ನನ್ನದು' ಎಂಬ ಹೆಸರಿನಲ್ಲಿ ಬೇರೆ ಹಾರಾಟಗಳು. ಅವುಗಳ ಎದುರು ಕೆಂಪು ಗುರುತು. ಬಿತ್ತು. ಬಿತ್ತು. ಬಿತ್ತು. ಅವನು ನಾಲ್ಕನೆಯ ಪುಟದಲ್ಲಿ ಎಣಿಸುವುದನ್ನು ಬಿಟ್ಟ. ಎಲ್ಲ ಗೊತ್ತಿದ್ದವಳು ಹಗಲೆಲ್ಲ ನಿಜವಾದ ಬಲದೊಂದಿಗೆ ಗುದ್ದಾಡಿ ಸೋತು, ಅವನು ಬರುವ ಹೊತ್ತಿಗೆ ಎಲ್ಲ ಹಿಂದಿನಂತೆ ಇಟ್ಟು, ಸಂಜೆ ಅವನಿಗೋಸ್ಕರ ಗೆಲ್ಲುತ್ತಿದ್ದಳು.

ಏಳನೆಯ ತಿಂಗಳಲ್ಲಿ, ಆ ಕೆಂಪಿನ ನಡುವೆ ಒಂದೇ ಒಂದು ಹಸಿರು. ಮಧ್ಯಾಹ್ನ ಎರಡೂ ಇಪ್ಪತ್ತು.

ಆ ದಿನಾಂಕ ಅವನಿಗೆ ಬಾಯಿಪಾಠವಾಗಿತ್ತು. ಡಾಕ್ಟರು ಆಗಷ್ಟೇ ಕೊಟ್ಟಿದ್ದ ಹೊಸ ಮಾತ್ರೆ ಫಲ ಕೊಟ್ಟ ದಿನವೆಂದು ತಾನೇ ಗೋಡೆಯ ಕ್ಯಾಲೆಂಡರಿನಲ್ಲಿ ಗುಂಡಗೆ ಗುರುತು ಹಾಕಿದ್ದ. ಅಂದು ಅವನು ಬಾಗಿಲು ತೆಗೆದಾಗ ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು, ಕೂದಲು ಕೆದರಿತ್ತು, ಕೆನ್ನೆ ಕೆಂಪಾಗಿತ್ತು. "ರೀ, ಇವತ್ತು ಏನಾಯ್ತು ಗೊತ್ತಾ?" ಎಂದು ಶುರುಮಾಡಿದ್ದಳು. ಆ ಮುಖ ಕಂಡ ಖುಷಿಗೆ ಅವನು ಮುಂದಿನದು ಕೇಳಲೇ ಇಲ್ಲ. "ಗೊತ್ತು ಬಿಡೇ! ಮಾತ್ರೆ ಹತ್ತಿದೆ! ನಾನು ಹೇಳಿರ್ಲಿಲ್ವಾ?" ಎಂದು ನಿಂತ ನಿಲುವಿನಲ್ಲೇ ಡಾಕ್ಟರಿಗೆ ಫೋನ್ ಹಚ್ಚಿದ್ದ. ಅವನು ಫೋನ್ ಇಟ್ಟ ಮೇಲೆ ಅವಳು, "ಹೂಂ, ಮಾತ್ರೆ" ಎಂದಿದ್ದಳು. ಆ ನೀಲಿಗಟ್ಟಿದ ಗುರುತು ಕಂಡದ್ದೂ ಅದೇ ಸಂಜೆ. ಬೆರಳಿಗೆ ಬಲವಿಲ್ಲದೆ ಹಿಡಿಯನ್ನು ಎರಡೂ ತೋಳಿನಲ್ಲಿ ಎದೆಗೆ ಅವುಚಿಕೊಂಡು ಅವಳು ವಿಮಾನ ಇಳಿಸಿರಬೇಕು.

ಮೇಷ್ಟ್ರು ಎದ್ದು ಅವಳ ಕುರ್ಚಿಯಲ್ಲಿ ಕೂತ. 'ನನ್ನದು' ಒತ್ತಿ, ಎರಡೂ ತೋಳು ಬಳಸಿ ಹಿಡಿಯನ್ನು ಎದೆಗೆ ಅವುಚಿಕೊಂಡ. ಕೋಲು ನಡುಗಿತು, ಎಳೆಯಿತು, ಎದೆಗೆ ಗುದ್ದಿತು. ಗಟ್ಟಿಮುಟ್ಟಾದ ಗಂಡಸು, ಮೂರು ನಿಮಿಷಕ್ಕೆ ವಿಮಾನ ಹೊಲಕ್ಕೆ ಬಿತ್ತು. ಅವನು ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ, "ಏನಾಯ್ತೇ ಇವತ್ತು? ಹೇಳು, ಕೇಳ್ತೀನಿ" ಎಂದ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ. ನಾಲ್ಕು ತಿಂಗಳಿಂದ ಹೀಗೆ ಅತ್ತಿರಲಿಲ್ಲ.

ಮಧ್ಯಾಹ್ನ ವ್ಯಾಯಾಮದ ಹೆಂಗಸು ಬಂದಳು. ಅವನು ಒರೆಸಿ, ವಯರು ಸುತ್ತಿ ಇಟ್ಟಿದ್ದ. ಕೈಗೆ ಕೊಟ್ಟವನು ಬಿಡದೆ ಒಂದು ಗಳಿಗೆ ಹಿಡಿದುಕೊಂಡೇ ನಿಂತ.

"ಮೇಡಂ, ಇದ್ರಲ್ಲಿ ಬಲ ಕಡಿಮೆ ಮಾಡಬಹುದು. ಆದ್ರೆ ಇಳಿಸೋ ಮುಂಚೆ ಆಕೆಯನ್ನ ಒಂದು ಮಾತು ಕೇಳಿ."

"ಕೇಳ್ತೀನಿ ಮೇಷ್ಟ್ರೇ. ನೀವು ಹಾಗೇ ತಾನೆ ಮಾಡ್ತಿದ್ದಿದ್ದು?"

"ಇಲ್ಲ" ಎಂದ ಮೇಷ್ಟ್ರು. "ನಾನು ಕೇಳ್ಲಿಲ್ಲ."