ಮೂವತ್ತೊಂದು ಪದರದ ಒಂಟೆಮರಿ

ಉಲ್‌ಬೋಸಿನ್ ಆಪಾಗೆ ಏನಾದರೂ ಮನಸ್ಸಿಗೆ ಹಿಡಿಸಿದರೆ ಬಾಯಿ ಬಿಟ್ಟು ಹೊಗಳುವ ಅಭ್ಯಾಸವಿಲ್ಲ. ಅದರ ಕಡೆ ತಿರುಗಿ "ಥು, ಥು, ಥು" ಎಂದು ಮೂರು ಸಲ ಒಣ ಉಗುಳು ಉಗುಳುತ್ತಾಳೆ. ಚೆನ್ನಾಗಿರುವುದನ್ನು ಚೆನ್ನಾಗಿದೆ ಎಂದುಬಿಟ್ಟರೆ ಕಣ್ಣು ಬೀಳುತ್ತದಲ್ಲ, ಅದಕ್ಕೆ. ಆ ಉಗುಳು ಮೊಮ್ಮಕ್ಕಳ ಮೇಲೆ ಬಿದ್ದಿದೆ, ಹೊಸ ಜಮಖಾನದ ಮೇಲೆ ಬಿದ್ದಿದೆ, ಒಂದು ಸಲ ಪಕ್ಕದ ಮನೆಯವಳ ರೊಟ್ಟಿಯ ಮೇಲೂ ಬಿದ್ದಿದೆ. ಸೊಸೆ ಬಾಲ್ಜಾನಳ ಮೇಲಾಗಲಿ, ಅವಳ ಕೈ ಮುಟ್ಟಿದ ಯಾವ ಕೆಲಸದ ಮೇಲಾಗಲಿ ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲವೂ ಬಿದ್ದಿಲ್ಲ. ಇದನ್ನು ಬಾಲ್ಜಾನ್ ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಮರೆತಿದ್ದೂ ಇಲ್ಲ.

ಆರಾಲ್ ಪಟ್ಟಣದ ರೈಲು ನಿಲ್ದಾಣದ ಎದುರಿಗೆ ಬಾಲ್ಜಾನಳ ಫೋಟೋ ಅಂಗಡಿ. ಕಂಪ್ಯೂಟರಿನ ಮುಂದೆ ಕೂತರೆ ಅವಳನ್ನು ಹಿಡಿಯುವವರಿಲ್ಲ. ಮುಚ್ಚಿದ ಕಣ್ಣನ್ನು ತೆರೆಸುತ್ತಾಳೆ, ಮದುವೆಗೇ ಬಾರದ ಸೋದರಮಾವನನ್ನು ಮದುವೆಯ ಗುಂಪಿನಲ್ಲಿ ನಿಲ್ಲಿಸುತ್ತಾಳೆ, ಕುರಿ ಕಾಯುವವನಿಗೆ ಕೋಟು ತೊಡಿಸಿ ಟೈ ಕಟ್ಟುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಅವಳ ತವರು ಮಾತ್ರ ದೂರದ ದಕ್ಷಿಣ. ಸೇಬಿನ ತೋಟ, ಹಸುವಿನ ಕೊಟ್ಟಿಗೆ ನೋಡಿಕೊಂಡು ಬೆಳೆದವಳು. ಆಪಾ ಜಗಳದಲ್ಲಿ ಇದನ್ನು ಎತ್ತಿ ಆಡದೆ ಬಿಟ್ಟವಳಲ್ಲ.

ಆಪಾಳದು ಹನ್ನೊಂದು ಒಂಟೆ. ಆ ಹಾಲನ್ನು ಹುಳಿ ಬರಿಸಿ ಶುಬಾತ್ ಮಾಡಿ, ಮಗ ಎರ್ಮೆಕ್ ಬಾಟಲಿಗೆ ತುಂಬಿ ಮಾರುತ್ತಾನೆ. ಈ ವಸಂತದಲ್ಲಿ ನಗರದ ಒಬ್ಬ ಅಂಗಡಿಯವನು, ಬಾಟಲಿಗೊಂದು ಚೀಟಿ ಅಂಟಿಸಿ ಕೊಡಿ, ಅದರ ಮೇಲೆ ಆಗತಾನೇ ಹುಟ್ಟಿದ ಒಂಟೆಮರಿ ಇರಲಿ ಎಂದ. ಎರ್ಮೆಕ್ ಖುಷಿಯಿಂದ ಕೊಟ್ಟಿಗೆಗೆ ಹೋಗಿ, ಮೂರು ದಿನದ ಮರಿಯ ಮುಂದೆ ಮೊಬೈಲು ಎತ್ತಿ ಹಿಡಿದ. ಹಿಂದಿನಿಂದ ಆಪಾಳ ಕೋಲು ಬಂತು.

"ನಲವತ್ತು ದಿನ ತುಂಬೋ ಮುಂಚೆ ಮರಿ ಫೋಟೋ ತೆಗೀತೀಯೇನೋ? ಊರವರ ಕಣ್ಣೆಲ್ಲ ಅದರ ಮೇಲೆ ಬೀಳ್ಲಿ ಅಂತಾನಾ?"

"ಅಮ್ಮಾ, ಅಂಗಡಿಯವನು ನಲವತ್ತು ದಿನ ಕಾಯಲ್ಲ."

"ಕಾಯದಿದ್ರೆ ಹೋಗ್ಲಿ. ಅವನೇನು ನನ್ನ ಅಳಿಯನಾ?"

ಆಗ ಬಾಲ್ಜಾನ್ ಬಾಯಿ ಹಾಕಿದಳು. "ಆಪಾ, ನಾನು ಕಂಪ್ಯೂಟರಲ್ಲಿ ಬರೆದುಕೊಡ್ತೀನಿ. ಬರೆದ ಮರಿಗೆ ಯಾರ ಕಣ್ಣು ತಾಗುತ್ತೆ ಹೇಳಿ?"

ಮುದುಕಿ ಕೋಲು ಕೆಳಗಿಳಿಸಿದಳು. "ಬರಿ. ಆದ್ರೆ ನೋಡಿದ್ರೆ ಮರಿ ಅನ್ನೋ ಹಾಗಿರಬೇಕು. ಇಲ್ಲಾಂದ್ರೆ ನನ್ನ ಶುಬಾತಿಗೆ ಅಂಟಿಸೋಕೆ ಬಿಡಲ್ಲ."

ಬಾಲ್ಜಾನಳಿಗೆ ಅಂಗಡಿಯವನೂ ಬೇಕಿರಲಿಲ್ಲ, ಚೀಟಿಯೂ ಬೇಕಿರಲಿಲ್ಲ. ಈ ಚಿತ್ರಕ್ಕೆ ಮೂರು ಉಗುಳು ಬೀಳಬೇಕು, ಅಷ್ಟೇ.

ಮೊದಲ ಚಿತ್ರವನ್ನು ಸಂಜೆ ಚಹಾದ ಹೊತ್ತಿಗೆ ಮುದ್ರಿಸಿ ತಂದಳು. ಆಪಾ ಅದನ್ನು ದೂರ ಹಿಡಿದು ನೋಡಿದಳು. "ಹುಟ್ಟಿದ ದಿನವೇ ಡುಬ್ಬ ಎರಡೂ ನೆಟ್ಟಗೆ ನಿಂತಿವೆಯಲ್ಲೇ? ಯಾವ ಮುದುಕ ಒಂಟೆ ಇದು? ಮರಿಗೆ ಡುಬ್ಬ ಖಾಲಿ ಚೀಲದ ಹಾಗೆ ಒಂದು ಕಡೆ ಬಿದ್ದಿರುತ್ತೆ." ಎರಡನೆಯದರಲ್ಲಿ ಡುಬ್ಬ ಸರಿಯಾಯಿತು. ಕೂದಲೆಲ್ಲ ಒಂದೇ ಕಡೆಗೆ ಮಲಗಿತ್ತು. "ಕ್ಷೌರದಂಗಡಿಗೆ ಕರ್ಕೊಂಡು ಹೋಗಿದ್ಯಾ? ಎಷ್ಟು ತಗೊಂಡ?"

ಮೂರನೆಯದರ ಬಗ್ಗೆ ಬಾಲ್ಜಾನಳಿಗೆ ಬಹಳ ಹೆಮ್ಮೆಯಿತ್ತು. ತಾಯಿ ಆಗತಾನೇ ನೆಕ್ಕಿದ್ದಾಳೆ ಎನ್ನುವಂತೆ ಮರಿಯ ಕುತ್ತಿಗೆ ಉದ್ದಕ್ಕೂ ಒದ್ದೆ ಕೂದಲನ್ನು ಮಿರಮಿರ ಮಿಂಚಿಸಿದ್ದಳು. ಆಪಾ ಅದನ್ನು ನೋಡಿದವಳೇ ನಗಲು ಶುರುಮಾಡಿದಳು. ನಕ್ಕು ನಕ್ಕು ಬಟ್ಟಲಿನ ಚಹಾ ಮಡಿಲಿಗೆ ಚೆಲ್ಲಿತು.

"ಒಂಟೆ ಎಲ್ಲಾದ್ರೂ ಮರೀನ ನೆಕ್ಕುತ್ತೇನೇ? ಅದು ನಿಮ್ಮೂರ ಹಸು! ಲೋ ಎರ್ಮೆಕ್, ಬಾರೋ ಇಲ್ಲಿ, ನಿನ್ನ ಹೆಂಡ್ತಿ ಹಸು ಹೊಟ್ಟೇಲಿ ಒಂಟೆ ಹುಟ್ಟಿಸಿದಾಳೆ!"

ಎರ್ಮೆಕ್ ಬಂದು ನೋಡಿ ಅವನೂ ನಕ್ಕ. ಬಾಲ್ಜಾನಳಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷ ಒಂಟೆ ಹಾಲು ಕುಡಿದು, ಒಂಟೆ ಉಣ್ಣೆಯ ಹೊದಿಕೆ ಹೊದ್ದರೂ, ಹುಟ್ಟಿದ ಮರಿಯ ಮೈಯನ್ನು ಗೋಣಿತಟ್ಟಿನಿಂದ ಒರೆಸುವುದು ಅತ್ತೆಯೇ ಹೊರತು ತಾಯಿ ಒಂಟೆಯಲ್ಲ ಎನ್ನುವುದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಸಿಟ್ಟು ಅತ್ತೆಯ ಮೇಲೋ ತನ್ನ ಮೇಲೋ ಅವಳಿಗೇ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಅವಳು ನೇರ ಕೊಟ್ಟಿಗೆಗೆ ಹೋದಳು. ಗಾಳಿ ರೊಯ್ಯೆಂದು ಬೀಸುತ್ತಿತ್ತು. ಮರಿಗೆ ಆಪಾ ಕಂಬಳಿಯ ಅಂಗಿ ಕಟ್ಟಿದ್ದಳು. ಬಾಲ್ಜಾನ್ ಅದರ ಅಂಚೆತ್ತಿ ಕೈ ತೂರಿಸಿದಳು. ಮೊದಲು ಒರಟು ಕೂದಲು ಸಿಕ್ಕಿತು. ಅದರ ಕೆಳಗೆ ಗುಂಗುರು. ಇನ್ನೂ ಕೆಳಗೆ ಬೆರಳೇ ಮುಳುಗಿಹೋಗುವ ಹಾಗೆ ಬೆಚ್ಚನೆಯ ಮೆತ್ತನೆಯ ತುಪ್ಪಳ. ಅದರಡಿಯಲ್ಲಿ ಸಡಿಲ ಚರ್ಮ, ಚರ್ಮದಡಿ ಡಬಡಬ ಬಡಿಯುವ ಎದೆ. "ಅಯ್ಯೋ, ಇದೆಲ್ಲಾ ಪದರ ಪದರ!" ಎಂದು ಅವಳು ಜೋರಾಗಿ ಕೂಗಿಬಿಟ್ಟಳು. ಮರಿ ಬೆದರಿ ಅವಳ ಕಾಲಿನ ಮೇಲೆಯೇ ಕೂತಿತು.

ಅಂದಿನಿಂದ ಎರಡು ದಿನ ಅಂಗಡಿಗೆ ಬಂದವರ ಪಾಡು ಕೇಳುವುದೇ ಬೇಡ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವನನ್ನು ಕೂರಿಸಿ, "ನಗಬೇಡಿ, ಅಲ್ಲಾಡಬೇಡಿ, ಮಾತಾಡಬೇಡಿ" ಎಂದು ಪಟ್ಟನೆ ಒಂದು ತೆಗೆದು ಓಡಿಸಿದಳು. ಪರದೆಯ ಮೇಲೆ ಎಲ್ಲಕ್ಕಿಂತ ಕೆಳಗಿನ ಪದರದಲ್ಲಿ ಬರೀ ಚರ್ಮ ಬರೆದಳು. ಅದರ ಮೇಲಿನ ಪದರದಲ್ಲಿ ತುಪ್ಪಳ. ಮೇಲೆ ಗುಂಗುರು, ಬೆನ್ನಿನದು ಬೇರೆ, ಹೊಟ್ಟೆಯದು ಬೇರೆ. ನೆತ್ತಿಯ ಜುಟ್ಟಿಗೆ ಒಂದು ಪದರ, ಎಡಗಣ್ಣಿನ ರೆಪ್ಪೆಗೆ ಒಂದು, ಬಲಗಣ್ಣಿನದಕ್ಕೆ ಇನ್ನೊಂದು. ಉಣ್ಣೆಗೆ ಸಿಕ್ಕಿಕೊಂಡ ಹುಲ್ಲುಕಡ್ಡಿಗೂ ಒಂದು. ಕೊನೆಗೆ ಕೂದಲ ತುದಿಗಳನ್ನು ಗಾಳಿಗೆ ವಾಲಿಸುವುದಕ್ಕೆಂದೇ ಒಂದು ಪದರ ಹಾಕಿದಳು. ಎಣಿಸಿದರೆ ಮೂವತ್ತೊಂದು. ಕುಂಚ ಒಂದೊಂದು ಗೀರು ಎಳೆದ ಹಾಗೆಲ್ಲ ಮರಿ ಇನ್ನಷ್ಟು ದಪ್ಪಗಾಗುತ್ತಿತ್ತು, ಅವಳು ಕೂತಲ್ಲೇ ಕಿಸಿಕಿಸಿ ನಗುತ್ತಿದ್ದಳು.

ಎರಡನೆಯ ದಿನ ಮಧ್ಯಾಹ್ನ ಪಿಂಚಣಿಯ ಕಾಗದ ಜೆರಾಕ್ಸ್ ಮಾಡಿಸಲು ಆಪಾ ಮಗನ ಜೊತೆ ಬಂದಳು. ಪರದೆಯ ಮೇಲೆ ಮರಿ ನಿಂತಿತ್ತು. ಮುದುಕಿ ಅದರ ಮುಂದೆ ಬಗ್ಗಿ ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಬಾಲ್ಜಾನ್ ಬಡಬಡಿಸತೊಡಗಿದಳು.

"ನೋಡಿ ಆಪಾ, ಇದು ಪದರ ಪದರವಾಗಿದೆ. ಇಲ್ಲಿ ಒತ್ತಿದ್ರೆ ಮೇಲಿನ ಕೂದಲು ಹೋಗುತ್ತೆ. ಇಲ್ಲಿ ಒತ್ತಿದ್ರೆ ಗುಂಗುರು. ಇಲ್ಲಿ ತುಪ್ಪಳ..."

ಟಿಕ್, ಟಿಕ್, ಟಿಕ್. ಪರದೆಯ ಮೇಲೆ ಮರಿ ಬೋಳು ಮೈಯಲ್ಲಿ ನಿಂತಿತು.

"ಏಯ್! ಏನ್ ಮಾಡ್ದೆ?" ಆಪಾ ಕಿರುಚಿದಳು. "ಹೊರಗೆ ಈ ಗಾಳಿ, ಇವಳು ಉಣ್ಣೆ ಕಿತ್ತು ನಿಲ್ಲಿಸಿದಾಳೆ! ಹೊದಿಸೇ, ಹೊದಿಸೇ!" ಎನ್ನುತ್ತಲೇ ಹೆಗಲ ಮೇಲಿನ ಶಾಲು ಎಳೆದು ಕಂಪ್ಯೂಟರಿನ ಮೇಲೆ ಹಾಕಿಬಿಟ್ಟಳು. ಹಾಕಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಎರ್ಮೆಕ್ ಗೋಡೆ ಕಡೆ ತಿರುಗಿ ಹೊಟ್ಟೆ ಹಿಡಿದುಕೊಂಡ.

ಬಾಲ್ಜಾನ್ ಶಾಲಿನೊಳಗೆ ತಲೆ ತೂರಿಸಿ ಪದರಗಳನ್ನೆಲ್ಲ ವಾಪಸ್ಸು ತಂದಳು. "ಹೊದಿಸಿದೆ ಆಪಾ, ಬನ್ನಿ." ಮುದುಕಿಯೂ ಶಾಲಿನೊಳಗೆ ತಲೆ ತೂರಿಸಿದಳು. ಅತ್ತೆ ಸೊಸೆ ಇಬ್ಬರೂ ಒಂದೇ ಶಾಲಿನ ಕೆಳಗೆ ಕೆನ್ನೆಗೆ ಕೆನ್ನೆ ತಾಗಿಸಿ ನಿಂತಿದ್ದು ಅದೇ ಮೊದಲು. ಆಪಾ ಜುಟ್ಟು ನೋಡಿದಳು, ವಾಲಿದ ಡುಬ್ಬ ನೋಡಿದಳು, ಹುಲ್ಲುಕಡ್ಡಿಯನ್ನು ಉಗುರಿನಿಂದ ಕೀಳಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಥು, ಥು, ಥು!"

ಪರದೆಯ ಮೇಲೆ ಮೂರು ಸಲ ಬಿತ್ತು. ಬಾಲ್ಜಾನಳ ಎದೆ ಕುಣಿಯಿತು.

ಆಪಾ ಶಾಲಿನಿಂದ ಹೊರಬಂದು ಅದರ ನಾಲ್ಕೂ ತುದಿಗಳನ್ನು ಕಂಪ್ಯೂಟರಿನ ಹಿಂದೆ ಗಟ್ಟಿಯಾಗಿ ಗಂಟು ಹಾಕಿದಳು. "ನಲವತ್ತು ದಿನ ಇದನ್ನ ಯಾರಿಗೂ ತೋರಿಸ್ಬೇಡಿ."

ಎರ್ಮೆಕನ ನಗು ನಿಂತುಹೋಯಿತು. "ಅಮ್ಮಾ, ಅದು ಚಿತ್ರ! ನಾಡಿದ್ದು ಅಂಗಡಿಯವನು ಕೇಳ್ತಾನೆ. ಏನಂತ ಹೇಳ್ಲಿ?"

"ಇವತ್ತು ಹುಟ್ಟಿದೆ ಅಂತ ಹೇಳು."

ಬಾಲ್ಜಾನಳಿಗೆ ನಗು ತಡೆಯಲಾಗಲಿಲ್ಲ. ಚೀಟಿ ಹೋಯಿತು, ಎರಡು ದಿನದ ವ್ಯಾಪಾರ ಹೋಯಿತು, ಕಂಪ್ಯೂಟರಿಗೆ ಬಾಣಂತನ ಬಂತು. ಅವಳು ಕುರ್ಚಿಯಲ್ಲಿ ಕುಸಿದು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅವಳ ತಲೆಗೂದಲಲ್ಲಿ ಕೊಟ್ಟಿಗೆಯ ಉಣ್ಣೆ ಸಿಕ್ಕಿಕೊಂಡಿತ್ತು. ಬಾಗಿಲ ತನಕ ಹೋದ ಆಪಾ ಹಿಂದಿರುಗಿ ಬಂದು ಆ ಉಣ್ಣೆಯನ್ನು ಕಿತ್ತು ತೆಗೆದಳು, ಸೊಸೆಯ ಮುಖವನ್ನೊಮ್ಮೆ ನೋಡಿದಳು.

"ಥು, ಥು, ಥು!"

"ಅಮ್ಮಾ, ಚಿತ್ರಕ್ಕೆ ಆಗ್ಲೇ ಉಗುಳಿದ್ಯಲ್ಲ?" ಎಂದ ಎರ್ಮೆಕ್.

"ಚಿತ್ರಕ್ಕೆ ಅಂತ ಯಾರು ಹೇಳಿದ್ರು?" ಎಂದು ಗದರಿ ಮುದುಕಿ ಮೆಟ್ಟಿಲಿಳಿದು ಹೊರಟಳು. ಈ ಸಲದ್ದು ಒಣ ಉಗುಳಾಗಿರಲಿಲ್ಲ. ಬಾಲ್ಜಾನ್ ಕೆನ್ನೆ ಒರೆಸಿಕೊಳ್ಳಲಿಲ್ಲ.